ಬಾಗಿದ ಬಂಧಗಳ ಉಂಗುರ: ಸೈಕ್ಲೋಪ್ರೊಪನಾಲ್ ನಡೆದು ಬಂದ ದಾರಿ

ಮೂರು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ಇಷ್ಟೇ ಪರಮಾಣುಗಳಿಂದ ಅಸಿಟೋನ್ ಆಗುತ್ತದೆ, ಪ್ರೊಪಿಯೊನಾಲ್ಡಿಹೈಡ್ ಆಗುತ್ತದೆ, ಸೈಕ್ಲೋಪ್ರೊಪನಾಲ್ ಕೂಡ ಆಗುತ್ತದೆ. ರಾಯಚೂರಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಪ್ರತಿವರ್ಷ ಗಂಟು ಬೀಳುವುದು ಈ ಮೂರನೆಯದರಲ್ಲಿ. ಇದರಲ್ಲಿ ಮೂರು ಕಾರ್ಬನ್ನುಗಳು ಉಂಗುರವಾಗಿ ಸೇರಿವೆ, ಅವುಗಳಲ್ಲಿ ಒಂದಕ್ಕೆ OH ಗುಂಪು ಅಂಟಿದೆ. ಹೆಸರಿಗೆ ಆಲ್ಕೋಹಾಲ್. ಆಮ್ಲ ತಗುಲಿದರೂ ಕ್ಷಾರ ತಗುಲಿದರೂ ಉಂಗುರ ಬಿಚ್ಚಿ ಆಲ್ಡಿಹೈಡ್ ಆಗಿಬಿಡುತ್ತದೆ. ‘ಹಾಗಾದರೆ ಇದನ್ನು ಯಾವುದೆಂದು ಬರೆಯಬೇಕು ಸರ್?’ ಎಂದು ಮಕ್ಕಳು ಕೇಳುವುದು ಸಹಜ.

ನಮ್ಮಲ್ಲಿ ಇದಕ್ಕೆ ಉತ್ತರ ಜೋಳದ ದಂಟಿನಲ್ಲಿದೆ. ದಂಟಿನ ಬೆಂಡನ್ನು ತುಂಡು ಮಾಡಿ ಕಾರ್ಬನ್ ಎಂದುಕೊಳ್ಳುತ್ತೇವೆ, ಕಸಬರಿಗೆಯ ಕಡ್ಡಿಗಳನ್ನು ಬಂಧಗಳೆಂದು ಚುಚ್ಚುತ್ತೇವೆ. ಕಾರ್ಬನ್ನಿಗೆ ಒಗ್ಗುವ ಕೋನ 109.5 ಡಿಗ್ರಿ. ಅದೇ ಕೋನದಲ್ಲಿ ಚುಚ್ಚಿದ ಮೂರು ಬೆಂಡುಗಳನ್ನು ಉಂಗುರವಾಗಿ ಸೇರಿಸಲು ಹೋದರೆ ಕಡ್ಡಿಗಳು ಹೊರಕ್ಕೆ ಬಿಲ್ಲಿನಂತೆ ಬಾಗುತ್ತವೆ. ತ್ರಿಕೋನದ ಮೂಲೆಯಲ್ಲಿ ಸಿಗುವುದು 60 ಡಿಗ್ರಿ ಮಾತ್ರ. ಬೆರಳು ಸಡಿಲಿಸಿದ ಕೂಡಲೇ ಒಂದು ಬೆಂಡು ಚಿಮ್ಮಿ ಬೆಂಚಿನ ಕೆಳಗೆ ಬೀಳುತ್ತದೆ. OH ಇಲ್ಲದ ಬರಿಯ ಮೂರು ಕಾರ್ಬನ್ನಿನ ಉಂಗುರಕ್ಕೆ ಸೈಕ್ಲೋಪ್ರೊಪೇನ್ ಎಂದು ಹೆಸರು. ಅದರ ಬಿಗುವಿನ ಶಕ್ತಿ ಮೋಲ್‌ಗೆ ಸುಮಾರು 115 ಕಿಲೋಜೂಲ್. ಮಾಮೂಲಿ ಕಾರ್ಬನ್-ಕಾರ್ಬನ್ ಬಂಧವನ್ನು ಕಡಿಯಲು ಬೇಕಾಗುವ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಇದು.

ಈ ಉಂಗುರವನ್ನು 1881ರಲ್ಲಿ ಆಗಸ್ಟ್ ಫ್ರಾಯಿಂಡ್ ತಯಾರಿಸಿದರು, 1885ರಲ್ಲಿ ಅಡಾಲ್ಫ್ ಫಾನ್ ಬೇಯರ್ ಬಿಗುವಿನ ಸಿದ್ಧಾಂತ ಮಂಡಿಸಿದರು. ಬಂಧಗಳು ಬಾಗಿಯೇ ಇರುತ್ತವೆ ಎಂಬ ಚಿತ್ರವನ್ನು ಕೌಲ್ಸನ್ ಮತ್ತು ಮೊಫಿಟ್ 1940ರ ದಶಕದ ಕೊನೆಗೆ ಲೆಕ್ಕ ಹಾಕಿ ಕೊಟ್ಟರು. ಬಾಳೆಹಣ್ಣಿನ ಆಕಾರದ ಬಂಧ ಎಂದು ಅದಕ್ಕೆ ಹೆಸರೇ ಬಿತ್ತು. ಹೆಚ್ಚಿನ ಪಾಠಗಳು 1885ಕ್ಕೇ ನಿಂತುಬಿಡುತ್ತವೆ. ‘ಬಿಗುವಿದೆ, ಆದ್ದರಿಂದ ಅಸ್ಥಿರ’ ಎಂಬ ಒಂದು ಸಾಲು ಬರೆಸಿ ಮುಂದಕ್ಕೆ ಹೋಗುವುದು ರೂಢಿ. ನಿಜವಾದ ಕಥೆ ಆ ಸಾಲಿನ ನಂತರ ಶುರುವಾಗುತ್ತದೆ.

1942ರಲ್ಲಿ ಮ್ಯಾಗ್ರೇನ್ ಮತ್ತು ಕಾಟಲ್ ಎಪಿಕ್ಲೋರೋಹೈಡ್ರಿನ್‌ನೊಂದಿಗೆ ಗ್ರಿನ್ಯಾರ್ಡ್ ಕಾರಕವನ್ನು (ಕಾರ್ಬನ್ನಿಗೆ ಮೆಗ್ನೀಸಿಯಂ ಅಂಟಿದ ಸಂಯುಕ್ತ) ಬೆರೆಸಿದಾಗ ಸೈಕ್ಲೋಪ್ರೊಪನಾಲ್ ಕೈಗೆ ಸಿಕ್ಕಿತು. 1960ರ ದಶಕದಲ್ಲಿ ಚಾರ್ಲ್ಸ್ ಡಿಪುಯ್ ಅದು ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ನೋಡಿದರು. ಆಮ್ಲದಲ್ಲಿ, ಕಡಿದುಹೋದ ಬಂಧ ಇದ್ದ ಬದಿಯಿಂದಲೇ ಪ್ರೋಟಾನ್ (ಹೈಡ್ರೋಜನ್ ಅಯಾನು) ಬಂದು ಕೂರುತ್ತದೆ. ಕ್ಷಾರದಲ್ಲಿ ಅದು ಬರುವುದು ಹಿಂಬದಿಯಿಂದ. ಅಸ್ಥಿರ ಎಂದು ಬದಿಗಿಟ್ಟ ವಸ್ತು ಇಷ್ಟು ಶಿಸ್ತಿನಿಂದ ನಡೆದುಕೊಳ್ಳುತ್ತದೆ ಎಂಬುದನ್ನು ತರಗತಿಯಲ್ಲಿ ಹೇಳದೆ ಬಿಡಲು ನನಗೆ ಮನಸ್ಸಾಗುವುದಿಲ್ಲ.

ದಿಕ್ಕು ಬದಲಾದದ್ದು 1989ರಲ್ಲಿ, ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ. ಒಲೆಗ್ ಕುಲಿಂಕೋವಿಚ್ ಮತ್ತು ಸಂಗಡಿಗರು ಸಾಮಾನ್ಯ ಎಸ್ಟರಿಗೆ (ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆಗುವ ಸಂಯುಕ್ತ) ಈಥೈಲ್ ಮೆಗ್ನೀಸಿಯಂ ಬ್ರೋಮೈಡ್ ಎಂಬ ಗ್ರಿನ್ಯಾರ್ಡ್ ಕಾರಕ ಸೇರಿಸುವಾಗ ಟೈಟೇನಿಯಂ ಐಸೋಪ್ರೊಪಾಕ್ಸೈಡನ್ನೂ ಜೊತೆಗಿಟ್ಟರು. ತಲಾ ಎರಡು ಕಾರ್ಬನ್ನಿನ ಎರಡು ಈಥೈಲ್ ಗುಂಪುಗಳು ಟೈಟೇನಿಯಂ ಮೇಲೆ ಬಂದು ಕೂರುತ್ತವೆ. ಅವುಗಳಲ್ಲಿ ಒಂದು, ಇನ್ನೊಂದರಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ಈಥೇನ್ ಅನಿಲವಾಗಿ ಹಾರಿಹೋಗುತ್ತದೆ. ಉಳಿದ ಎರಡು ಕಾರ್ಬನ್ನುಗಳು ಟೈಟೇನಿಯಂ ಜೊತೆ ತಾತ್ಕಾಲಿಕವಾಗಿ ಒಂದು ತ್ರಿಕೋನ ಕಟ್ಟುತ್ತವೆ. ಎಸ್ಟರಿನ ಕಾರ್ಬೊನಿಲ್ ಕಾರ್ಬನ್, ಅಂದರೆ ಆಕ್ಸಿಜನ್ ಜೊತೆ ಜೋಡಿ ಬಂಧ ಇರುವ ಕಾರ್ಬನ್, ಆ ಎರಡಕ್ಕೂ ಒಂದೊಂದಾಗಿ ಬೆಸೆದುಕೊಂಡಾಗ ಟೈಟೇನಿಯಂ ಹೊರಬೀಳುತ್ತದೆ, ಕಾರ್ಬನ್ನಿನದೇ ತ್ರಿಕೋನ ನಿಲ್ಲುತ್ತದೆ. ಮೀಥೈಲ್ ಅಸಿಟೇಟಿನಿಂದ ಹೊರಟರೆ ಸಿಗುವುದು 1-ಮೀಥೈಲ್ ಸೈಕ್ಲೋಪ್ರೊಪನಾಲ್. ಟೈಟೇನಿಯಂ ಚಿಟಿಕೆಯಷ್ಟಿದ್ದರೂ ಸಾಕು ಎಂಬುದು 1991ರಲ್ಲಿ ಖಚಿತವಾಯಿತು. ಅಲ್ಲಿಂದ ಮುಂದೆ ಬಿಗುವು ಹೂಡಿಟ್ಟ ಬಿಲ್ಲಾಯಿತು. ಉಂಗುರ ಕಡಿದಾಗ ಕಾರ್ಬೊನಿಲ್‌ನ ಪಕ್ಕದ ಕಾರ್ಬನ್ನನ್ನು ದಾಟಿ, ಅದರಾಚೆಯ ಕಾರ್ಬನ್ನಿನಲ್ಲಿ ಹೊಸ ಬಂಧ ಬೆಸೆಯಬಹುದು. ಬೇರೆ ದಾರಿಯಲ್ಲಿ ಇದು ಸುಲಭವಲ್ಲ.

ಈ ಉಂಗುರ ನಮ್ಮಿಂದ ದೂರವೇನೂ ಇಲ್ಲ. ರಾಯಚೂರಿನ ಹತ್ತಿಗೆ ಹೊಡೆಯುವ ಕೀಟನಾಶಕ ಸೈಪರ್‌ಮೆಥ್ರಿನ್‌ನಲ್ಲಿ ಮೂರು ಕಾರ್ಬನ್ನಿನ ತ್ರಿಕೋನ ಇದೆ. ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಾಳೆಗೊನೆಯಲ್ಲೂ ಇದೆ. ಕಾಯಿ ಹಣ್ಣಾಗುವಾಗ ಅದರೊಳಗೆ ತಯಾರಾಗುವ ಒಂದು ಅಮೈನೋ ಆಮ್ಲದಲ್ಲಿ ಇದೇ ಬಿಗಿಯಾದ ಉಂಗುರ ಕುಳಿತಿರುತ್ತದೆ. ಕಿಣ್ವವೊಂದು ಅದನ್ನು ಕಡಿದಾಗ ಈಥಿಲೀನ್ ಹೊರಬರುತ್ತದೆ, ಒಂದು ಕಾಯಿ ಮಾಗಿದರೆ ಆ ಅನಿಲ ತಗುಲಿ ಪಕ್ಕದ ಕಾಯಿಯೂ ಮಾಗತೊಡಗುತ್ತದೆ. ಕಳೆದ ವರ್ಷ ತರಗತಿಗೆ ಒಂದು ಬಾಳೆ ಚಿಪ್ಪು ತಂದು ಮೇಜಿನ ಮೇಲೆ, ಬೆಂಡಿನ ಉಂಗುರದ ಪಕ್ಕದಲ್ಲಿ ಇಟ್ಟೆ. ಆ ದಿನ ಹುಡುಗಿಯೊಬ್ಬಳು ಆಲ್ಕೋಹಾಲೋ ಆಲ್ಡಿಹೈಡೋ ಎಂದು ಕೇಳಲಿಲ್ಲ. ಮೂರರಲ್ಲಿ ಮೊದಲು ಕಡಿಯುವುದು ಯಾವ ಬಂಧ ಎಂದು ಕೇಳಿದಳು.