ಅಕ್ಷರ ಎಡಕ್ಕೆ ದಪ್ಪ, ಬಲಕ್ಕೆ ಸಣಕಲು

ಮನೆಯಲ್ಲೇ ಚಿಕ್ಕ ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಫೈಲ್ ಹೇಳಿದಂತೆ ಕೆತ್ತುವ ಯಂತ್ರ) ಇಟ್ಟುಕೊಂಡು ನಾಮಫಲಕ ಕೆತ್ತುವವರು ನನಗೆ ತೋರಿಸುವ ಬೋರ್ಡುಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಎಡಗಡೆ ಅಕ್ಷರಗಳು ದಪ್ಪಗೆ ಬಂದಿರುತ್ತವೆ, ಬಲಕ್ಕೆ ಹೋಗ್ತಾ ಹೋಗ್ತಾ ಸಣಕಲಾಗುತ್ತವೆ. ಡಿಸೈನ್ ಸರಿಯಿಲ್ಲ ಅಂತ ಫಾಂಟ್ ಬದಲಿಸಿ ಬದಲಿಸಿ ಒಳ್ಳೆಯ ಮರ ಹಾಳಾಗುತ್ತದೆ. ನೋಡಬೇಕಾದ್ದು ಹಲಗೆಯ ಮಟ್ಟವನ್ನು.

ಅಕ್ಷರ ಕೆತ್ತುವುದು ಹೆಚ್ಚಾಗಿ ವಿ ಬಿಟ್‌ನಲ್ಲಿ, ಅಂದರೆ ತುದಿ ‘V’ ಆಕಾರದಲ್ಲಿ ಚೂಪಾಗಿದ್ದು ತಿರುಗುತ್ತಾ ಕೆತ್ತುವ ಉಳಿಯಲ್ಲಿ. ಅದು ಆಳಕ್ಕೆ ಇಳಿದಷ್ಟೂ ಗೆರೆ ಅಗಲವಾಗುತ್ತದೆ. ತುದಿಯ ಕೋನ 90 ಡಿಗ್ರಿ ಇರುವ ಬಿಟ್ 1 ಮಿ.ಮೀ. ಇಳಿದರೆ ಗೆರೆ 2 ಮಿ.ಮೀ. ಅಗಲ. ಹಾಗಾಗಿ ಹಲಗೆಯ ಒಂದು ತುದಿ ಬರೀ ಅರ್ಧ ಮಿ.ಮೀ. ತಗ್ಗಿದ್ದರೂ ಅಲ್ಲಿ ಗೆರೆ 1 ಮಿ.ಮೀ. ಸಣ್ಣಗಾಗುತ್ತದೆ. 60 ಡಿಗ್ರಿಯ ಬಿಟ್‌ನಲ್ಲಿ ಇದೇ ವ್ಯತ್ಯಾಸ ಸುಮಾರು 0.6 ಮಿ.ಮೀ. ಮಾತ್ರ. ಹೊಸಬರಿಗೆ ನಾನು ಈ 60 ಡಿಗ್ರಿಯದನ್ನೇ ಹೇಳುವುದು. ಆಳವೂ ಜಾಸ್ತಿ ಸಿಗುವುದರಿಂದ ಒಳಗೆ ನೆರಳು ಬಿದ್ದು ಚಿಕ್ಕ ಅಕ್ಷರಗಳೂ ಚೆನ್ನಾಗಿ ಕಾಣುತ್ತವೆ.

ಮೊದಲು ಮಷಿನ್ ಮೇಲಿನ ಅಡಿಹಲಗೆಯನ್ನು ಅಗಲವಾದ ಬಿಟ್ ಹಾಕಿ ಪೂರ್ತಿ ಹೆರೆಯಿರಿ. ಆಮೇಲೆ ಕೆತ್ತುವ ಹಲಗೆಯನ್ನು ಕೂರಿಸಿ, ನಾಲ್ಕು ಮೂಲೆ ಮತ್ತು ನಡುವೆ ಬಿಟ್ ಮುಟ್ಟಿಸಿ ಎತ್ತರ ಬರೆದುಕೊಳ್ಳಿ. ಎರಡು ತುದಿಗೆ ಮಾತ್ರ ಕ್ಲ್ಯಾಂಪ್ ಬಿಗಿದರೆ ತೆಳು ಹಲಗೆ ನಡುವೆ ಉಬ್ಬುತ್ತದೆ. ಅಂಥದ್ದಕ್ಕೆ ಅಡಿಯಲ್ಲಿ ಡಬಲ್ ಸೈಡ್ ಟೇಪ್ ಒಳ್ಳೆಯದು. ಮರವೇ ಸೊಟ್ಟಗಿದ್ದರೆ ಅದರ ಮೇಲ್ಮೈಯನ್ನೂ ಹೆರೆಯಬೇಕು, ಬೇರೆ ದಾರಿ ಇಲ್ಲ. ಬಿಟ್ ಬದಲಿಸಿದಾಗಲೆಲ್ಲ ಝಡ್ ಸೊನ್ನೆಯನ್ನು, ಅಂದರೆ ಬಿಟ್‌ನ ತುದಿ ಹಲಗೆಯ ಮೇಲ್ಮೈ ಮುಟ್ಟುವ ಎತ್ತರವನ್ನು, ಹೊಸದಾಗಿ ಹಿಡಿಯಿರಿ.

ಇನ್ನೊಂದು ತೊಂದರೆ, ಅರ್ಧ ಕೆತ್ತಿದ ಮೇಲೆ ಅಕ್ಷರಗಳು ಪಕ್ಕಕ್ಕೆ ಸರಿಯುವುದು. ಇಂಥ ಮಷಿನ್‌ಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಹೆಜ್ಜೆ ತಪ್ಪಿದರೂ ಅದನ್ನು ನಡೆಸುವ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ, ಅದು ತನ್ನ ಲೆಕ್ಕದಲ್ಲೇ ಮುಂದೆ ಹೋಗುತ್ತದೆ. ಹೀಗಾದಾಗ ಬಿಟ್ ಮೇಲೆತ್ತಿ ಅದೇ ಫೈಲನ್ನು ಗಾಳಿಯಲ್ಲಿ ಓಡಿಸಿ ನೋಡಿ. ಕೊನೆಗೆ ಹೊರಟ ಸೊನ್ನೆ ಜಾಗಕ್ಕೆ ಸರಿಯಾಗಿ ವಾಪಸ್ ಬಂದರೆ ಕೆತ್ತುವಾಗಿನ ಭಾರ ಜಾಸ್ತಿಯಾಗಿದೆ ಅಂತ ಅನುಮಾನಿಸಿ, ಆಳ ಅಥವಾ ವೇಗ ಇಳಿಸಿ. ಬರದಿದ್ದರೆ ಮೋಟಾರಿನ ಶಾಫ್ಟಿಗೆ ಪುಲ್ಲಿಯನ್ನು (ಬೆಲ್ಟ್ ಎಳೆಯುವ ಗಾಲಿ) ಬಿಗಿದಿಡುವ ಚಿಕ್ಕ ಸ್ಕ್ರೂ ಸಡಿಲವಾಗಿರಬಹುದು. ಪುಲ್ಲಿಗೂ ಶಾಫ್ಟಿಗೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ತುಂಡಾಗಿ ಕಂಡರೆ ಪುಲ್ಲಿ ಜಾರಿದೆ ಅಂತಲೇ ಅರ್ಥ.

ಮರ ಸುಟ್ಟು ಕಪ್ಪಾಗುತ್ತಿದ್ದರೆ ಬಿಟ್ ಮೊಂಡಾಗಿದೆಯಾ ನೋಡಿ. ಹೊಸ ಬಿಟ್‌ನಲ್ಲೂ ಸುಟ್ಟರೆ ಅದು ಮರ ಕಡಿಯದೆ ಸುಮ್ನೆ ಉಜ್ಜುತ್ತಿರುತ್ತದೆ. ಮುಂದೆ ಸಾಗುವ ವೇಗ ಹೆಚ್ಚಿಸಿ ಅಥವಾ ತಿರುಗುವ ವೇಗ ಇಳಿಸಿ.

ಕನ್ನಡ ಅಕ್ಷರಕ್ಕೆ ಅದರದ್ದೇ ಆದ ಒಂದು ಎಚ್ಚರಿಕೆ ಬೇಕು. ಕೆಲವು ಫಾಂಟ್‌ಗಳಲ್ಲಿ ಒತ್ತು, ಕೊಂಬು, ಗುಡಿಸು ಬೇರೆ ಬೇರೆ ಆಕಾರಗಳಾಗಿ ಮೂಲ ಅಕ್ಷರದ ಮೇಲೆ ಕೂತಿರುತ್ತವೆ. ಕಾಗದದ ಮೇಲೆ ಎಲ್ಲ ಕಪ್ಪಾಗಿ ಬೆರೆತುಹೋಗುತ್ತದೆ. ಮಷಿನ್ ಮಾತ್ರ ಎರಡೂ ಗೆರೆಗಳನ್ನು ಬಿಡಿಬಿಡಿಯಾಗಿ ಓದುತ್ತದೆ, ಅವು ಸೇರುವ ಜಾಗದಲ್ಲಿ ಮರದ ಏಣು ಉಳಿಯುತ್ತದೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಆಕಾರಗಳನ್ನು ವೆಲ್ಡ್ ಮಾಡಿ ಒಂದಾಗಿಸಿದ ಮೇಲೆಯೇ ಟೂಲ್‌ಪಾತ್ (ಬಿಟ್ ಸಾಗುವ ದಾರಿ) ತೆಗೆಯಿರಿ. ವೆಲ್ಡ್ ಆದಮೇಲೆ ‘ಠ’, ‘ರ’ದಂಥ ಅಕ್ಷರಗಳ ಒಳಗಿನ ಸೊನ್ನೆ ಮುಚ್ಚಿಹೋಗಿಲ್ಲ ಅಲ್ವಾ, ಅದನ್ನೂ ಪರದೆಯಲ್ಲಿ ದೊಡ್ಡದು ಮಾಡಿ ನೋಡಿಕೊಳ್ಳಿ.