ನಂಬರ್ ಎಲ್ಲ ಭಾಷೆಗೂ ಒಂದೇ ತಾನೆ, ಮತ್ತೆ ಲಿಂಕ್ಡ್ ಡೇಟಾ ಯಾಕೆ?

ಓದುಗರ ಪ್ರಶ್ನೆ: "ಡ್ಯೂಯಿ ನಂಬರ್ ಯಾವ ಭಾಷೆಯ ಲೈಬ್ರರಿಯಲ್ಲಾದರೂ ಒಂದೇ. ಹಾಗಿದ್ದ ಮೇಲೆ ಅನುವಾದ ಮಾಡಿದ ಪಟ್ಟಿಯನ್ನು ಸುಮ್ನೆ ಪಿಡಿಎಫ್ ಮಾಡಿ ವೆಬ್‌ಗೆ ಹಾಕಿದರೆ ಸಾಲದೇ?"

ಡ್ಯೂಯಿ ಅಂದರೆ ಲೈಬ್ರರಿ ಪುಸ್ತಕಗಳನ್ನು ವಿಷಯವಾರು ನಂಬರ್ ಕೊಟ್ಟು ಜೋಡಿಸುವ ಪದ್ಧತಿ. ಅದರ ವರ್ಗಗಳ ಹೆಸರಿನ ಪಟ್ಟಿ ಕಣ್ಣಿಂದ ಓದುವವರಿಗೆ ಪಿಡಿಎಫ್‌ನಲ್ಲಿ ಇದ್ದರೆ ಸಾಕು. ಕಂಪ್ಯೂಟರ್‌ಗೆ ಸಾಲದು. ಅದಕ್ಕೆ ಲಿಂಕ್ಡ್ ಡೇಟಾ ಬೇಕು, ಅಂದರೆ ಯಂತ್ರವೇ ಓದಿ ಒಂದಕ್ಕೊಂದು ಜೋಡಿಸಬಲ್ಲಂತೆ ವೆಬ್‌ನಲ್ಲಿ ಇಟ್ಟ ಮಾಹಿತಿ.

ಒಂದು ಪದ ನೋಡಿ. ಇಂಗ್ಲಿಷ್‌ನಲ್ಲಿ ಮರ್ಕ್ಯುರಿ ಅಂದರೆ ಗ್ರಹವೂ ಹೌದು, ಲೋಹವೂ ಹೌದು. ಕನ್ನಡದಲ್ಲಿ ಬುಧ ಬೇರೆ, ಪಾದರಸ ಬೇರೆ. ಡ್ಯೂಯಿ ಪಟ್ಟಿಯಲ್ಲೂ ಇವು ಬೇರೆ ಬೇರೆ ಮನೆಯಲ್ಲಿವೆ: ಗ್ರಹ 523.41ರಲ್ಲಿ, ಪಾದರಸದ ರಸಾಯನಶಾಸ್ತ್ರ 546.663ರಲ್ಲಿ. ಪದಕ್ಕೆ ಪದ ಜೋಡಿಸುತ್ತಾ ಹೋದರೆ ಯಂತ್ರ ಎಲ್ಲೋ ಒಂದು ಕಡೆ ಪಾದರಸದ ಪುಸ್ತಕವನ್ನು ಬುಧನ ಪಕ್ಕ ಇಟ್ಟೇ ಇಡುತ್ತದೆ. ಅದಕ್ಕೇ ಕನ್ನಡದ ಹೆಸರನ್ನು ಇಂಗ್ಲಿಷ್ ಪದಕ್ಕೆ ಕಟ್ಟಬಾರದು, ಆ ವಿಷಯದ ಜಾಗಕ್ಕೇ ಕಟ್ಟಬೇಕು.

ಆ ಜಾಗ ಅಂದರೆ ನಂಬರೇ ಅಲ್ವಾ ಅಂತ ನೀವು ಕೇಳಬಹುದು. ಪೂರ್ತಿ ಅಲ್ಲ. ಡ್ಯೂಯಿಯಲ್ಲಿ 4ರಿಂದ ಶುರುವಾಗುವ ನಂಬರ್ ಭಾಷೆಗೆ ಸೇರಿದ್ದು. ಯುಡಿಸಿಯಲ್ಲಿ, ಅಂದರೆ ಯೂನಿವರ್ಸಲ್ ಡೆಸಿಮಲ್ ಕ್ಲಾಸಿಫಿಕೇಶನ್ ಅನ್ನುವ ಇಂಥದ್ದೇ ಇನ್ನೊಂದು ಪದ್ಧತಿಯಲ್ಲಿ, 1960ರ ದಶಕದಲ್ಲೇ ಭಾಷೆಯನ್ನು 8ಕ್ಕೆ ಸಾಗಿಸಿದರು. ಅಂದಿನಿಂದ 4 ಖಾಲಿ ಬಿದ್ದಿದೆ. ಹಾಗಾದರೆ ಲೈಬ್ರರಿಯ ಹಳೇ ಕ್ಯಾಟಲಾಗ್ ಕಾರ್ಡಿನ ಮೇಲಿರುವ 4 ಯಾವುದು? ಒಂದೇ ಪದ್ಧತಿಯ ಒಳಗೂ ಹೀಗೇ. ಡ್ಯೂಯಿ ಮೊದಲು ಬಂದದ್ದು 1876ರಲ್ಲಿ, ಆಗ ಕಂಪ್ಯೂಟರ್ ಎಲ್ಲಿತ್ತು? ಆಮೇಲೆ ಆ ವಿಷಯವನ್ನು ಇದ್ದ ಜಾಗದಲ್ಲೇ ಹೇಗೋ ತುರುಕಿ, ಕೊನೆಗೆ 1985ರಲ್ಲಿ 004ರಿಂದ 006ರವರೆಗೆ ಅದಕ್ಕೇ ಅಂತ ಜಾಗ ಮಾಡಿಕೊಟ್ಟರು. ವಿಷಯ ಅದೇ, ನಂಬರ್ ಮಾತ್ರ ಬದಲಾಯಿತು.

ಲಿಂಕ್ಡ್ ಡೇಟಾ ಮಾಡುವುದು ಇಷ್ಟೇ: ಪ್ರತಿ ವರ್ಗಕ್ಕೂ ವೆಬ್‌ನಲ್ಲಿ ಅದರದ್ದೇ ಆದ ಒಂದು ವಿಳಾಸ ಕೊಡುತ್ತದೆ. ನಂಬರ್, ಯಾವ ಆವೃತ್ತಿ, ಹೆಸರುಗಳು, ಮೇಲಿನ ವರ್ಗ, ಕೆಳಗಿನ ವರ್ಗ, ಎಲ್ಲ ಆ ವಿಳಾಸಕ್ಕೆ ಅಂಟಿಕೊಳ್ಳುತ್ತವೆ. ಇದನ್ನೆಲ್ಲ ಬರೆಯುವ ರೀತಿಗೆ ಸ್ಕಾಸ್ ಅನ್ನುವ ಮಾನದಂಡ ಇದೆ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು 2009ರಲ್ಲಿ ಒಪ್ಪಿತು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ನಿಯಮ ಇದೆ. ಒಂದು ವರ್ಗಕ್ಕೆ ಒಂದು ಭಾಷೆಯಲ್ಲಿ ಮುಖ್ಯ ಹೆಸರು ಒಂದೇ ಇರಬೇಕು, ಪರ್ಯಾಯ ಹೆಸರು ಎಷ್ಟಾದರೂ ಇರಬಹುದು. ಖಗೋಳ ವಿಜ್ಞಾನವೋ ಖಗೋಳಶಾಸ್ತ್ರವೋ ಅಂತ ಜಗಳ ಆಡುತ್ತಾ ಕೂರಬೇಕಾಗಿಲ್ಲ: ಒಂದನ್ನು ಮುಖ್ಯ ಮಾಡಿ, ಇನ್ನೊಂದನ್ನೂ ಇಟ್ಟುಕೊಳ್ಳಿ, ಯಾವುದನ್ನು ಟೈಪ್ ಮಾಡಿದರೂ ಹುಡುಕುವವರು ಅದೇ ವಿಳಾಸಕ್ಕೆ ಬಂದು ಸೇರುತ್ತಾರೆ. ಅಲ್ಲಿ ಇಂಗ್ಲಿಷ್ ದೊಡ್ಡಣ್ಣ ಅಲ್ಲ. ಎಲ್ಲ ಭಾಷೆಯ ಹೆಸರುಗಳೂ ಒಂದೇ ಗೂಟಕ್ಕೆ ಪಕ್ಕಪಕ್ಕದಲ್ಲೇ ತೂಗುತ್ತವೆ. ಎರಡು ಪದ್ಧತಿಗಳ ನಡುವೆಯೂ ಕೊಂಡಿ ಹಾಕಬಹುದು, "ಇದೂ ಅದೂ ಒಂದೇ" ಅಂತಲೋ, "ಹತ್ತಿರ ಹತ್ತಿರ" ಅಂತಲೋ. ಆ ಎರಡನೇ ಮಾತು ಪ್ರಾಮಾಣಿಕವಾದದ್ದು. ಬಹಳಷ್ಟು ಸಲ ಬೇಕಾಗುವುದೂ ಅದೇ.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಂದುಕೊಳ್ಳಬೇಡಿ. ಯುಡಿಸಿಯವರು ಸುಮಾರು 2,600 ವರ್ಗಗಳ ಸಾರಾಂಶವನ್ನು 50ಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರತಂದಿದ್ದಾರೆ, ಹೆಸರು ಹೇಳಿ ಬಳಸಿಕೊಳ್ಳಲು ಬಿಡುವ ಮುಕ್ತ ಪರವಾನಗಿಯಲ್ಲಿ. ಡ್ಯೂಯಿಯ ಮೇಲಿನ ಹಂತಗಳೂ 2009ರಲ್ಲಿ ಡ್ಯೂಯಿ ಡಾಟ್ ಇನ್ಫೋ ಅನ್ನುವ ತಾಣದಲ್ಲಿ ಹಲವು ಭಾಷೆಗಳಲ್ಲಿ ಬಂದವು. ಆದರೆ ಕೆಲವು ವರ್ಷಗಳ ನಂತರ ಆ ತಾಣ ನಿಂತುಹೋಯಿತು, ಅದನ್ನೇ ನಂಬಿ ಬೇರೆಯವರು ಹಾಕಿಕೊಂಡಿದ್ದ ಕೊಂಡಿಗಳೆಲ್ಲ ಎಲ್ಲಿಗೂ ಹೋಗದಂತಾದವು. ಈ ಕೆಲಸದಲ್ಲಿ ನನಗೆ ಜಾಸ್ತಿ ಹೆದರಿಕೆ ಇದರದ್ದೇ. ವಿಳಾಸ ಕೊಡುವುದು ಒಂದು ಮಧ್ಯಾಹ್ನದ ಕೆಲಸ, ಅದನ್ನು ಹತ್ತಾರು ವರ್ಷ ಉಳಿಸಿಕೊಳ್ಳುವುದೇ ಕಷ್ಟ.

ಅನುವಾದದಲ್ಲೂ ಒಂದು ಗುಂಡಿ ಇದೆ. ಪಟ್ಟಿಯಲ್ಲಿ ಬರೀ "ಯುರೋಪ್" ಅಂತ ಇರುತ್ತದೆ. 940ರಲ್ಲಿದ್ದರೆ ಅದು ಯುರೋಪಿನ ಇತಿಹಾಸ, 914ರಲ್ಲಿದ್ದರೆ ಅಲ್ಲಿನ ಭೂಗೋಳ ಮತ್ತು ಪ್ರವಾಸ. ಮುದ್ರಿತ ಪುಟದಲ್ಲಿ ಮೇಲಿನ ಸಾಲು ಕಣ್ಣಿಗೆ ಬೀಳುತ್ತದೆ, ಗೊಂದಲ ಇಲ್ಲ. ವೆಬ್‌ನಲ್ಲಿ ಅದೇ ಹೆಸರು ಒಂಟಿಯಾಗಿ ಹುಡುಕಾಟದ ಫಲಿತಾಂಶದಲ್ಲಿ ಬಂದು ನಿಂತರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಅನುವಾದ ಮಾಡುವವರು ಮೇಲಿನ ವರ್ಗವನ್ನೂ ನೋಡಿಯೇ ಹೆಸರಿಡಬೇಕು.

ನಿಮ್ಮ ಹತ್ತಿರ ಅನುವಾದದ ಪಟ್ಟಿ ಈಗಾಗಲೇ ಇದ್ದರೆ ಅದನ್ನು ಎಸೆಯಬೇಡಿ. ಮೊದಲು ಮೂಲ ಪಟ್ಟಿಯ ಪರವಾನಗಿ ಪ್ರಕಟಣೆಗೆ ಬಿಡುತ್ತದೆಯೇ ನೋಡಿ. ಆಮೇಲೆ ಪಿಡಿಎಫ್‌ನಿಂದ ತೆಗೆದು ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ: ಪದ್ಧತಿ, ಆವೃತ್ತಿ, ನಂಬರ್, ಮೇಲಿನ ನಂಬರ್, ಭಾಷೆ, ಮುಖ್ಯ ಹೆಸರು, ಪರ್ಯಾಯ ಹೆಸರು. ಈ ಏಳು ಕಾಲಮ್ ಸರಿಯಾಗಿ ತುಂಬಿದರೆ ಅದನ್ನು ಸ್ಕಾಸ್‌ಗೆ ಬದಲಾಯಿಸುವ ಕೆಲಸ ಒಂದು ಸಣ್ಣ ಪ್ರೋಗ್ರಾಂ ಮಾಡುತ್ತದೆ.