ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೋಗುತ್ತಾ?

ಪ್ರಶ್ನೆ: ನಮ್ಮ ತಂದೆ ಮಂಡ್ಯದ ಹತ್ತಿರ ಆಲೆಮನೆಯಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಈಗ ಸ್ಕ್ಯಾನಿಂಗ್‌ನಲ್ಲಿ ಶ್ವಾಸಕೋಶದ ಫೈಬ್ರೋಸಿಸ್, ಅಂದರೆ ಒಳಗೆ ನಾರು ಕಟ್ಟಿದೆ ಎಂದು ಬಂದಿದೆ. ದಿನಾ ಬೆಲ್ಲ ತಿನ್ನುವವರಿಗೆ ಧೂಳು ಹೇಗೆ ಕೂತುಕೊಂಡಿತು? ಇನ್ನೂ ಜಾಸ್ತಿ ಕೊಡಬೇಕಾ?

ಉತ್ತರ: ಬೇಡ. ಕಬ್ಬು ಅರೆಯುವ ಕಾಲ ಬಂತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಉತ್ತರ ಬರೆದು ಬರೆದು ಸಾಕಾಗಿದೆ. ಆದರೂ ಇನ್ನೊಂದು ಸಲ.

ಬಾಯಿಗೆ ಹಾಕಿಕೊಂಡ ಬೆಲ್ಲ ಅನ್ನನಾಳದಲ್ಲಿ ಇಳಿದು ಹೊಟ್ಟೆಗೆ ಹೋಗುತ್ತದೆ. ಧೂಳು ಹೋಗುವುದು ಶ್ವಾಸನಾಳದಲ್ಲಿ. ಎರಡಕ್ಕೂ ಭೇಟಿಯೇ ಇಲ್ಲ. ತಪ್ಪಿ ಒಂದು ಚೂರು ಬೆಲ್ಲ ಆ ಕಡೆ ಇಳಿದರೆ ನೆತ್ತಿ ಹತ್ತಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮುತ್ತೀರಿ, ಅಲ್ವಾ? ಗಂಟಲಿಗೆ ಹಾಯೆನಿಸುವುದು ನಿಜ. ಸಿಹಿಗೆ ಜೊಲ್ಲೂರಿ ಗಂಟಲು ಒದ್ದೆಯಾಗುತ್ತದೆ, ಅಷ್ಟೇ.

"ಫ್ಯಾಕ್ಟರಿಗಳಲ್ಲೇ ಕೊಡ್ತಾರಲ್ಲ ಸರ್" ಅನ್ನುತ್ತಾರೆ. ಕೊಡುತ್ತಾರೆ, ಒಳ್ಳೆ ಮಾಸ್ಕಿಗಿಂತ ಬೆಲ್ಲ ಅಗ್ಗ. "ವಿಜ್ಞಾನಿಗಳೇ ಹೇಳಿದ್ದಾರೆ" ಎಂದು ವಾಟ್ಸಾಪಿನಲ್ಲಿ ಸುತ್ತುವುದರ ಹಿಂದೆ ಇರುವುದು 1994ರಲ್ಲಿ ಲಕ್ನೋದವರು ಪ್ರಕಟಿಸಿದ ಒಂದು ಪ್ರಯೋಗ. ಅದು ಶ್ವಾಸಕೋಶಕ್ಕೆ ಕಲ್ಲಿದ್ದಲು ಮತ್ತು ಸಿಲಿಕಾ ಧೂಳು ಸೇರಿಸಿದ ಇಲಿಗಳ ಮೇಲೆ ನಡೆದದ್ದು. ಮನುಷ್ಯರ ಮೇಲೆ ಅದರಲ್ಲಿ ಪರೀಕ್ಷೆ ನಡೆದಿಲ್ಲ. ಬೆಲ್ಲಕ್ಕೆ ಅಂಥ ಶಕ್ತಿ ಇದ್ದಿದ್ದರೆ ಕೊಪ್ಪರಿಗೆ ಪಕ್ಕದಲ್ಲೇ ನಿಂತು ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳುವ ನಿಮ್ಮ ತಂದೆಗೇ ಮೊದಲು ಗುಣ ಕಾಣಬೇಕಿತ್ತು.

ಇನ್ನು, ಇಲ್ಲಿ ಧೂಳು ಕೂತಿದ್ದೇ ತೊಂದರೆ ಅಂತಲೂ ಅಲ್ಲ. ನಿಮ್ಮ ತಂದೆಗೆ ಇದೇ ಆಗಿದೆ ಎಂದು ನಾನು ಇಲ್ಲಿಂದ ಹೇಳಲಾರೆ. ಆದರೆ ಆಲೆಮನೆ ಅಂದ ಕೂಡಲೇ ನಾನು ಕೇಳುವುದು ಹಳೇ ಕಬ್ಬಿನ ಸಿಪ್ಪೆಯ ಬಗ್ಗೆ. ಹಸಿ ಸಿಪ್ಪೆಯಿಂದ ಈ ಕಾಟ ಇಲ್ಲ. ಒದ್ದೆಯಾಗಿ ರಾಶಿ ಬಿದ್ದ ಸಿಪ್ಪೆ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿದಾಗ, ಬಿಸಿಯಲ್ಲೇ ಬೆಳೆಯುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡುತ್ತದೆ, ಥರ್ಮೋಆಕ್ಟಿನೋಮೈಸಿಸ್ ಅಂತ. ಒಲೆಗೆ ಹಾಕಲು ಆ ರಾಶಿಯನ್ನು ಎಳೆದಾಗ ಏಳುವ ಪುಡಿಯಲ್ಲಿ ಅದರ ಬೀಜಕಣಗಳಿರುತ್ತವೆ. ಬೆಳಿಗ್ಗೆ ಎಳೆದವರಿಗೆ ಸಂಜೆಯ ಹೊತ್ತಿಗೆ ಚಳಿ, ಜ್ವರ, ಕೆಮ್ಮು. ಕೆಲಸ ಬಿಟ್ಟು ಮನೆಯಲ್ಲಿದ್ದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಹಾಗಾಗಿ ಸುಮ್ನೆ ಫ್ಲೂ ಎಂದುಕೊಂಡು ಮತ್ತೆ ಅಲ್ಲಿಗೇ ಹೋಗುತ್ತಾರೆ. ಉಸಿರಲ್ಲಿ ಹೋದ ಆ ಪುಡಿಗೆ ದೇಹದ ರಕ್ಷಣೆಯ ಕಣಗಳು ರೇಗಿ ಶ್ವಾಸಕೋಶದಲ್ಲಿ ಉರಿಯೂತ ಏಳುವ ಈ ಕಾಯಿಲೆಗೆ ಬಗಾಸೋಸಿಸ್ ಎಂದು ಹೆಸರು.

ಉರಿಯೂತ ಒಂದು ಸಲ ಬಂದು ಹೋದರೆ ಅಂಗ ರಿಪೇರಿಯಾಗುತ್ತದೆ. ವರ್ಷಗಟ್ಟಲೆ ಬರುತ್ತಲೇ ಇದ್ದರೆ ರಿಪೇರಿ ನಿಲ್ಲುವುದೇ ಇಲ್ಲ, ಕಷ್ಟ ಅಲ್ಲೇ ಇರುವುದು. ರಕ್ಷಣೆಯ ಕಣಗಳು ಟಿಜಿಎಫ್-ಬೀಟಾ ಎಂಬ ಸಂದೇಶ ಕಳಿಸುತ್ತಲೇ ಇರುತ್ತವೆ, ಫೈಬ್ರೋಬ್ಲಾಸ್ಟ್ ಕಣಗಳು ಕೊಲಾಜನ್ ಎಂಬ ನಾರು ಸುರಿಯುತ್ತಲೇ ಇರುತ್ತವೆ. ಆಮ್ಲಜನಕ ದಾಟಬೇಕಾದ ಗೋಡೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳು. ಅದರಲ್ಲಿ ನಾರು ತುಂಬಿದರೆ ಏನಾಗಬೇಕು? ಬೆನ್ನ ಮೇಲೆ ಸ್ಟೆತಸ್ಕೋಪ್ ಇಟ್ಟು ಉಸಿರೆಳೆದುಕೊಳ್ಳಿ ಎಂದರೆ, ಚಪ್ಪಲಿಯ ವೆಲ್ಕ್ರೋ ಪಟ್ಟಿ ಬಿಚ್ಚಿದ ಹಾಗೆ ಚರಚರ ಕೇಳುತ್ತದೆ. ಆ ನಾರನ್ನು ಕರಗಿಸುವ ಔಷಧಿ ಇಲ್ಲ. ನಿಂಟೆಡಾನಿಬ್‌ನಂಥ ಮಾತ್ರೆಗಳು ಅದು ಬೆಳೆಯುವ ವೇಗ ಇಳಿಸುತ್ತವೆ. ಉರಿಯೂತ ಇನ್ನೂ ಇದ್ದರೆ ಸ್ಟೀರಾಯ್ಡ್ ಕೊಡುತ್ತಾರೆ. ಎಲ್ಲಕ್ಕಿಂತ ಮೊದಲು ಸಿಪ್ಪೆಯಿಂದ ದೂರ ಇರಬೇಕು. ಮುಖಕ್ಕೆ ಟವೆಲ್ ಸುತ್ತಿದರೆ ಸಾಲದು. ಡಾಕ್ಟರ್ ಕೇಳಿದಾಗ "ಕೂಲಿ ಕೆಲಸ" ಅಂದುಬಿಡಬೇಡಿ, "ಆಲೆಮನೆಯಲ್ಲಿ ಸಿಪ್ಪೆ ಎಳೀತಾರೆ" ಎಂದು ಬಿಡಿಸಿ ಹೇಳಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕಬ್ಬೇ ನೋಡದ ಮೈಸೂರಿನವರಿಗೂ ಇದೇ ಜಾತಿಯ ಕಾಯಿಲೆ ಬರುತ್ತದೆ. ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವವರಿಗೆ ಅದರ ಹಿಕ್ಕೆ, ಪುಕ್ಕದ ಪುಡಿಯಿಂದ. ನೀರು ಬದಲಿಸದ ಕೂಲರ್ ಮುಂದೆ ಮಲಗುವವರಿಗೆ ಅದರ ಬೂಷ್ಟಿನಿಂದ. 2017ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯೊಂದರಲ್ಲಿ ಹೀಗೆ ಶ್ವಾಸಕೋಶದ ಅಂಗಾಂಶ ಕೆಟ್ಟ 1,084 ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಕಂಡದ್ದು ಇದೇ ಜಾತಿಯ ಕಾಯಿಲೆ. ಅವರಲ್ಲೂ ಅರ್ಧದಷ್ಟು ಜನರ ಹತ್ತಿರ ಇದ್ದದ್ದು ಕೂಲರ್. ಬೇಸಿಗೆಗೆ ಕೂಲರ್ ಅಟ್ಟದಿಂದ ಇಳಿಸಿದಾಗ ಹಳೇ ಹುಲ್ಲಿನ ಪ್ಯಾಡ್ ಕಿತ್ತು ಎಸೆದು ಹೊಸದು ಹಾಕಿ, ಮೂಗು ಬಾಯಿಗೆ ಎನ್-95 ಕಟ್ಟಿಕೊಂಡೇ ಆ ಕೆಲಸ ಮಾಡಿ.